ಒಂದೇ ಹುಳು, ಎರಡು ಬಾಲ್ಯ

ಮಗು ಮತ್ತು ಪ್ರಾಣಿ ಸೇರಿ ಊರನ್ನು ಕಾಪಾಡುವ ಕತೆ ಇಲ್ಲದ ಭಾಷೆ ಇರಲಾರದು. ನಾಯಿ ಬೊಗಳಿ ಕಳ್ಳರನ್ನು ಓಡಿಸುತ್ತದೆ. ಆನೆ ನೆರೆಯಲ್ಲಿ ಸಿಕ್ಕವರನ್ನು ದಡ ಸೇರಿಸುತ್ತದೆ. ಕುದುರೆ ಸುದ್ದಿ ಮುಟ್ಟಿಸಲು ರಾತ್ರಿಯಿಡೀ ಓಡುತ್ತದೆ. ಅವುಗಳ ಬೆನ್ನ ಮೇಲೋ ಪಕ್ಕದಲ್ಲೋ ಒಂದು ಮಗು ಇದ್ದೇ ಇರುತ್ತದೆ. ಕೊನೆಯಲ್ಲಿ ಊರವರೆಲ್ಲ ಸೇರಿ ಇಬ್ಬರಿಗೂ ಹಾರ ಹಾಕುತ್ತಾರೆ.

ನಮ್ಮ ರಾಮನಗರಕ್ಕೂ ಅಂಥ ಒಂದು ಪ್ರಾಣಿಯ ಖ್ಯಾತಿಯಿದೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ಬಹುಪಾಲು ಚಿತ್ರೀಕರಣ ನಡೆದದ್ದು ಇಲ್ಲಿನ ರಾಮದೇವರ ಬೆಟ್ಟದ ಸುತ್ತಮುತ್ತ. ಬಸಂತಿಯ ಕುದುರೆ ಧನ್ನೋ ಓಡಿದ ಹಾದಿ ಯಾವುದು ಎಂದು ಹೊರಗಿನಿಂದ ಬಂದವರು ಇವತ್ತಿಗೂ ಕೇಳುತ್ತಾರೆ. ನಾವೂ ಬಂಡೆಗಳತ್ತ ಕೈ ತೋರಿಸಿ ಸುಮ್ಮನಾಗುತ್ತೇವೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ಊರುಗಳ ಒಲೆ ಉರಿಸಿದ ಪ್ರಾಣಿ ಓಡುವುದಿಲ್ಲ, ಕೂಗುವುದಿಲ್ಲ, ಕಚ್ಚುವುದಿಲ್ಲ. ಅದಕ್ಕೆ ಹೆಸರಿಟ್ಟು ಕರೆದವರೂ ಇಲ್ಲ. ಅದು ಸೊಪ್ಪು ತಿನ್ನುತ್ತದೆ, ನೂಲು ಸುತ್ತುತ್ತದೆ, ಸಾಯುತ್ತದೆ. ಅದೇ ರೇಷ್ಮೆ ಹುಳು.

ಕತೆ ಬರೆಯುವವರೆಂದು ಕೆಲವು ಶಾಲೆಗಳಿಗೆ ನನ್ನನ್ನು ಕರೆಯುವುದುಂಟು. ಪ್ರಾಣಿಯ ಕತೆ ಹೇಳಿ ಎಂದು ಮಕ್ಕಳು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಹುಳು ಮತ್ತು ಅದರ ಜೊತೆಗಿದ್ದ ಇಬ್ಬರು ಹುಡುಗರು. ಒಬ್ಬ ಅದಕ್ಕೆ ಉಣಿಸಿದವನು. ಇನ್ನೊಬ್ಬ ಅದರ ಗೂಡನ್ನು ಬೇಯಿಸಿ ನೂಲು ತೆಗೆದವನು. ಇಬ್ಬರೂ ನನ್ನ ವಯಸ್ಸಿನವರು. ನನಗೆ ತಿಳಿದ ಮಟ್ಟಿಗೆ ಅವರಿಬ್ಬರು ಒಬ್ಬರನ್ನೊಬ್ಬರು ನೋಡಿಲ್ಲ.

ಈ ಹುಳು ನಮ್ಮ ಸೀಮೆಗೆ ಬಂದ ಕತೆ ಬಹುತೇಕ ಓದುಗರಿಗೆ ಗೊತ್ತಿರುವುದೇ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ, ಹಿಪ್ಪುನೇರಳೆ ಬೆಳೆಸಲು ಹುಕುಂ ಹೊರಡಿಸಿದ. ಆಮೇಲೆ ರಾಜ್ಯಗಳು ಬದಲಾದವು, ಊರಿನ ಹೆಸರು ಕ್ಲೋಸ್‌ಪೇಟೆಯಾಗಿ ಮತ್ತೆ ರಾಮನಗರವಾಯಿತು. 2007ರಲ್ಲಿ ಅದು ಜಿಲ್ಲೆಯೂ ಆಯಿತು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಕೊಡಲು ತೀರ್ಮಾನಿಸಿತು. ಹೆಸರು ಏನೇ ಆದರೂ ಹುಳು ಮಾತ್ರ ಇಲ್ಲಿಯೇ ಉಳಿಯಿತು. ಹೊಲದಲ್ಲಿ ಸೊಪ್ಪು ಬೆಳೆದು ಹುಳು ಸಾಕುವವರು ಹೆಚ್ಚಾಗಿ ಹಳ್ಳಿಯ ರೈತರು. ಪೇಟೆಯಲ್ಲಿ ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಇವರಿಬ್ಬರೂ ದಿನವೂ ಎದುರುಬದುರಾಗುವ ಜಾಗ ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಗಂಡಸರು ಶುದ್ಧ ರೇಷ್ಮೆ ಉಡಬಾರದೆಂಬುದು ನಮ್ಮ ಧರ್ಮದ ಕಟ್ಟಳೆ. ಹಾಗಾಗಿ ನಮ್ಮ ಮೊಹಲ್ಲಾದ ಗಂಡಸರು ತಲೆಮಾರುಗಳಿಂದ ಯಾರದೋ ಮದುವೆಯ ಸೀರೆಗೆ ನೂಲು ತೆಗೆದರು, ತಾವು ಹತ್ತಿ ಉಟ್ಟರು.

ನಮ್ಮ ಅಬ್ಬಾ ಒಬ್ಬ ಸಣ್ಣ ರೀಲರ್ ಬಳಿ ಲೆಕ್ಕ ಬರೆಯುತ್ತಿದ್ದರು. ಮಾರುಕಟ್ಟೆಯ ಹರಾಜಿನಲ್ಲಿ ವರ್ಷಗಟ್ಟಲೆ ಮುಖ ನೋಡಿ ನೋಡಿ ಕನಕಪುರ ಕಡೆಯ ಒಬ್ಬ ರೈತರು ಅವರಿಗೆ ಸ್ನೇಹಿತರಾಗಿದ್ದರು. ನಮ್ಮ ಈದ್‌ಗೆ ಅವರು ಬರುತ್ತಿದ್ದರು. ಯುಗಾದಿಗೆ ಅಬ್ಬಾ ನನ್ನನ್ನು ಕರೆದುಕೊಂಡು ಅವರ ಊರಿಗೆ ಹೋಗುತ್ತಿದ್ದರು. ಎಂಬತ್ತರ ದಶಕದ ಕೊನೆಯ ಮಾತಿದು. ನಾನಾಗ ಉರ್ದು ಶಾಲೆಯಲ್ಲಿ ಮೂರನೆಯದೋ ನಾಲ್ಕನೆಯದೋ ಓದುತ್ತಿದ್ದೆ. ಕನ್ನಡ ಓದಲು ಬರುತ್ತಿತ್ತು, ಮಾತನಾಡಲು ನಾಚಿಕೆ.

ಆ ಮನೆಯಲ್ಲಿ ಹುಳುಗಳೇ ಯಜಮಾನರು. ನಡುಮನೆಯ ಅರ್ಧಕ್ಕಿಂತ ಹೆಚ್ಚು ಜಾಗ ಬಿದಿರಿನ ತಟ್ಟೆಗಳ ಅಟ್ಟಣೆಗೆ ಹೋಗಿತ್ತು. ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದರು, ಇರುವೆ ಹತ್ತದಿರಲೆಂದು. ಮನೆಯವರು ಉಳಿದ ಜಾಗದಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಹುಳುವಿನ ಕೋಣೆಯ ಹತ್ತಿರ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದುವಂತಿಲ್ಲ. ಅಬ್ಬಾ ಈದ್‌ನ ಅತ್ತರ್ ಹಚ್ಚಿದ್ದ ಶೆರ್ವಾನಿಯನ್ನು ಅಲ್ಲಿಗೆ ಎಂದೂ ತೊಟ್ಟು ಹೋಗಲಿಲ್ಲ. ಮೊದಲ ರಾತ್ರಿ ಮಳೆ ಬರುತ್ತಿದೆ ಎಂದುಕೊಂಡು ನಾನು ಎದ್ದು ಕುಳಿತೆ. ಆ ಮನೆಯ ಹುಡುಗ ಕತ್ತಲೆಯಲ್ಲೇ ನಕ್ಕು, “ಮಳೆಯಲ್ಲ, ಹುಳು ತಿಂತಾ ಅವೆ” ಎಂದ.

ಆ ಹುಡುಗನಿಗೆ ಹುಳುವಿನ ವಿಷಯದಲ್ಲಿ ತಿಳಿಯದ್ದು ಇರಲಿಲ್ಲ. ಮೊಟ್ಟೆಯೊಡೆದು ಬಂದಾಗ ಕೂದಲೆಳೆಯಷ್ಟಿದ್ದದ್ದು ಇಪ್ಪತ್ತೈದು ದಿನಗಳಲ್ಲಿ ಕಿರುಬೆರಳಿನ ಗಾತ್ರವಾಗುತ್ತದೆ. ತೂಕದ ಲೆಕ್ಕದಲ್ಲಿ ಸುಮಾರು ಹತ್ತು ಸಾವಿರ ಪಟ್ಟು. ನಡುವೆ ನಾಲ್ಕು ಬಾರಿ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂರುತ್ತದೆ, ಹಳೆಯ ಚರ್ಮ ಕಳಚಿ ಏಳುತ್ತದೆ. ಇದನ್ನು ರೈತರು ‘ಜ್ವರ’ ಎನ್ನುತ್ತಾರೆ. ಎಷ್ಟನೇ ಜ್ವರ ಎಂದರೆ ಎಷ್ಟು ವಯಸ್ಸು ಎಂದರ್ಥ. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಮುಟ್ಟಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲನ್ನು ಈ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ನೂರು ಮೊಟ್ಟೆಯ ಒಂದು ಬೆಳೆ ಎಂದರೆ ನಲವತ್ತೈವತ್ತು ಸಾವಿರ ಹುಳು, ಅವಕ್ಕೆ ಸುಮಾರು ಒಂದು ಟನ್ ಸೊಪ್ಪು.

ಶಾಲೆಯಿಂದ ಬಂದವನೇ ಚೀಲ ಬಿಸಾಕಿ ಅವನು ತಟ್ಟೆಗಳ ಸುತ್ತ ಒಂದು ಸುತ್ತು ಹಾಕುತ್ತಿದ್ದ. ಹಾಲುತೊಂಡೆ ಬಂದು ಊದಿಕೊಂಡವು, ಸುಣ್ಣಕಟ್ಟಾಗಿ ಬಿಗಿದವು ಅವನ ಕಣ್ಣಿಗೆ ದೊಡ್ಡವರಿಗಿಂತ ಮೊದಲು ಬೀಳುತ್ತಿದ್ದವು. ಅವನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ಡಬ್ಬಿಗೆ ಹಾಕುವುದು ಅವನ ಕೆಲಸ. ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ತಿಂದುಹಾಕುವ ಆ ನೊಣ ಎಷ್ಟೋ ಮನೆಗಳ ಬೆಳೆಯನ್ನು ಮುಗಿಸಿತ್ತು. ಪರದೆಯ ಸಂದಿಯಲ್ಲಿ ನುಗ್ಗಿದ ನೊಣವನ್ನು ಅವನು ಹೊಂಚುಹಾಕಿ ಹೊಡೆಯುತ್ತಿದ್ದ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು ನೋಡುವುದನ್ನು ನನಗೂ ಕಲಿಸಿದ. ಮೈ ಒಳಗೆ ದೀಪ ಹಚ್ಚಿದಂತೆ ಪಾರದರ್ಶಕವಾಗಿರಬೇಕು. ಅಂಥವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಸಿದ್ಧ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆ ರಾತ್ರಿ ಮನೆಮಂದಿಗೆಲ್ಲ ಜಾಗರಣೆ. ಮರುದಿನ ಅವನು ಶಾಲೆಗೆ ಹೋಗುತ್ತಿರಲಿಲ್ಲ. ಅದರ ಮರುದಿನ ಹೋಗುತ್ತಿದ್ದ.

ಗೂಡು ಮಾರಿದ ಹಣದಲ್ಲಿ ಅವನಿಗೆ ಪುಸ್ತಕ, ಅಕ್ಕನಿಗೆ ಓಲೆ, ಸೊಸೈಟಿಯ ಸಾಲಕ್ಕೆ ಒಂದು ಕಂತು. ವರ್ಷಕ್ಕೊಮ್ಮೆ ಬರುವ ರಾಗಿಯ ಫಸಲಿಗೆ ಕಾಯುತ್ತ ಕೂರುವವರಿಗೆ ವರ್ಷಕ್ಕೆ ನಾಲ್ಕೈದು ಬಾರಿ ಕೈಗೆ ಕಾಸು ತರುವ ಹುಳು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹುಡುಗ ಹುಳುವಿಗೆ ನೆರವಾದ, ಹುಳು ಮನೆಗೆ ನೆರವಾಯಿತು. ಇಷ್ಟಕ್ಕೇ ನಿಂತರೆ ಇದು ಹಾರ ಹಾಕಬಹುದಾದ ಕತೆ.

ಆದರೆ ಹುಳುವಿನ ಪ್ರಯಾಣ ಅಲ್ಲಿಗೆ ಮುಗಿಯುವುದಿಲ್ಲ. ಗೂಡನ್ನು ಹೆಚ್ಚು ದಿನ ಇಟ್ಟುಕೊಂಡರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ, ನೂಲು ಹಾಳು. ಆದ್ದರಿಂದ ರೈತ ಬೆಲೆ ಬರಲಿ ಬಿಡಲಿ ಬೇಗ ಮಾರಲೇಬೇಕು, ರೀಲರ್ ಕೊಂಡದ್ದನ್ನು ಬೇಗ ಬೇಯಿಸಲೇಬೇಕು. ಮಾರುಕಟ್ಟೆಯಿಂದ ಹೊರಟ ಮೂಟೆಗಳು ನಮ್ಮ ಮೊಹಲ್ಲಾಕ್ಕೆ ಬರುತ್ತಿದ್ದವು. ಆ ಕಾಲದಲ್ಲಿ ಬೆಂಗಳೂರು-ಮೈಸೂರು ರೈಲಿನಲ್ಲಿ ನಿದ್ದೆ ಮಾಡುತ್ತಿದ್ದವರಿಗೂ ರಾಮನಗರ ಬಂತೆಂದು ಮೂಗೇ ತಿಳಿಸುತ್ತಿತ್ತು. ಬೆಂದ ಹುಳುವಿನ ಆ ವಾಸನೆಯಲ್ಲೇ ನಾವು ಹುಟ್ಟಿದ್ದು, ಬೆಳೆದದ್ದು.

ಒಂದು ಗೂಡಿನಲ್ಲಿರುವುದು ಒಂದೇ ಎಳೆ. ಏಳೆಂಟು ನೂರು ಮೀಟರ್, ಒಳ್ಳೆಯ ತಳಿಯಾದರೆ ಒಂದು ಕಿಲೋಮೀಟರ್ ದಾಟುತ್ತದೆ. ಬಿಸಿನೀರಿನಲ್ಲಿ ಬೆಂದ ಮೇಲೆ ಅದರ ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ರಾಟೆಗೆ ಕೊಡಬೇಕು. ಏಳೆಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲು. ಚರಕ ಮತ್ತು ಕಾಟೇಜ್ ಬೇಸಿನ್‌ಗಳ ಆ ದಿನಗಳಲ್ಲಿ ಈ ತುದಿ ಹುಡುಕುವ ಕೆಲಸ ಬೆರಳುಗಳದ್ದು. ಸೌಟಿಗೆ ಎಳೆ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಸಣ್ಣ ಬೆರಳಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ ಎಂದು ಹೇಳುತ್ತಿದ್ದರು. ಹಾಗೆಂದು ಹೇಳಿದವರೆಲ್ಲ ದೊಡ್ಡ ಬೆರಳಿನವರು.

ನನ್ನ ಎರಡನೆಯ ಹುಡುಗ ಉರ್ದು ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು. ಲೆಕ್ಕದಲ್ಲಿ ನನಗಿಂತ ಜಾಣ. ನಾಲ್ಕನೇ ತರಗತಿಯ ಮಧ್ಯದಲ್ಲಿ ಅವನು ಬರುವುದು ನಿಂತಿತು. ಕೆಲವು ದಿನಗಳ ನಂತರ ಅಬ್ಬಾಗೆ ಊಟದ ಡಬ್ಬಿ ಕೊಡಲು ಹೋದಾಗ ಅವನು ಅಲ್ಲಿ ಚರಕ ತಿರುಗಿಸುತ್ತಿದ್ದ. ಮುಂದಿನ ವರ್ಷ ಬೇಸಿನ್ ಮುಂದೆ ಕೂತಿದ್ದ. ಅವನ ಬೆರಳುಗಳ ಸಂದಿಯಲ್ಲಿ ಚರ್ಮ ಬಿಳಿಚಿ ಸುಲಿದಿತ್ತು. ಊಟಕ್ಕೆ ಕೂತಾಗ ಉಪ್ಪಿನಕಾಯಿಯನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಅಬ್ಬಾ ಬರೆಯುತ್ತಿದ್ದ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಮುಂಗಡ 1500’ ಎಂದಿತ್ತು. ಅವನ ತಾಯಿಯ ಆಪರೇಷನ್‌ಗೆಂದು ತೆಗೆದುಕೊಂಡ ಹಣ. ವಾರದ ಕೂಲಿಯಲ್ಲಿ ಸ್ವಲ್ಪ ಮುರಿದುಕೊಳ್ಳುತ್ತಿದ್ದರು. ಹಬ್ಬಕ್ಕೋ ಕಾಯಿಲೆಗೋ ಮತ್ತೆ ಸ್ವಲ್ಪ ಸೇರುತ್ತಿತ್ತು. ಮುಂಗಡ ತೀರುವವರೆಗೆ ಅವನು ಬೇರೆಡೆ ಹೋಗುವಂತಿಲ್ಲ. ಶಾಲೆಯೂ ‘ಬೇರೆಡೆ’ಯೇ. ಕೂಲಿಯ ಬೆವರು ಆರುವುದರೊಳಗೆ ಅವನ ಹಕ್ಕು ಕೊಡಬೇಕೆಂಬ ಬೋಧನೆಯನ್ನು ಶುಕ್ರವಾರದ ಬಯಾನ್‌ನಲ್ಲಿ ನಾವೆಲ್ಲ ಕೇಳುತ್ತಿದ್ದೆವು. ಆದರೆ ಬೇಸಿನ್‌ನಲ್ಲಿದ್ದ ಕೈ ಆರುವುದೇ ಇಲ್ಲವಲ್ಲ!

ಇದು ಒಂದು ಮನೆಯ, ಒಬ್ಬ ಮಾಲೀಕನ ಕತೆಯಲ್ಲ. ಜೀತ ಪದ್ಧತಿಯನ್ನು ನಿಷೇಧಿಸುವ ಕಾನೂನು 1976ರಲ್ಲೇ ಬಂದಿತ್ತು. ಬಾಲಕಾರ್ಮಿಕರ ಕಾನೂನು 1986ರಲ್ಲಿ ಬಂತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲೀಕ ಪ್ರತಿ ಮಗುವಿಗೆ 20,000 ರೂಪಾಯಿ ಕಟ್ಟಬೇಕೆಂದಿತು. ಆಮೇಲೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ಕರ್ನಾಟಕ, ಉತ್ತರ ಪ್ರದೇಶ, ತಮಿಳುನಾಡುಗಳಲ್ಲಿ ಓಡಾಡಿ ವರದಿ ಬರೆದಾಗ, ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳು ಸುಮಾರು ಮೂರೂವರೆ ಲಕ್ಷವೆಂದು ಅಂದಾಜು ಮಾಡಿದರು. ಕುದಿನೀರಿನಲ್ಲಿ ಕೈ, ಹುರಿ ಹಾಕುವ ಯಂತ್ರಗಳ ನಡುವೆ ದಿನಕ್ಕೆ ಹನ್ನೆರಡು ತಾಸಿಗೂ ಹೆಚ್ಚು ಕಾಲ ನಿಂತ ಕಾಲು, ಇವೆಲ್ಲ ಅದರಲ್ಲಿದ್ದವು. ನಮ್ಮವರಲ್ಲಿ ಕೆಲವರು ಅದನ್ನು ಊರಿನ ಮರ್ಯಾದೆ ತೆಗೆಯುವ ಮಾತೆಂದು ಸಿಟ್ಟಾದರು. ನಮ್ಮ ಮೊಹಲ್ಲಾದ ಮಟ್ಟಿಗೆ ಬೇಸಿನ್ನಿನ ಎರಡೂ ಬದಿಯಲ್ಲಿದ್ದವರು ನಮ್ಮವರೇ ಎಂಬುದನ್ನು ಹೇಳಲು ಹೊರಗಿನವರು ಬರಬೇಕಾಯಿತು.

ಮಾಲೀಕರೆಲ್ಲ ಕಟುಕರಾಗಿದ್ದರೆಂದು ನಾನು ಬರೆಯಲಾರೆ. ಅಬ್ಬಾ ಕೆಲಸ ಮಾಡುತ್ತಿದ್ದ ಕಡೆಯ ಯಜಮಾನನಿಗೆ ಇದ್ದದ್ದು ಎರಡು ಬೇಸಿನ್, ಒಂದು ಬಾಡಿಗೆ ಶೆಡ್, ಹೆಂಡತಿಯ ಒಡವೆಯ ಮೇಲಿನ ಸಾಲ. ಬೆಳಿಗ್ಗೆ ನಗದು ಕೊಟ್ಟು ಕೊಂಡ ಗೂಡು ಸಂಜೆ ನೂಲಾಗಿ ಮಾರಾಟವಾಗದಿದ್ದರೆ ಮರುದಿನ ಹರಾಜಿಗೆ ಹೋಗಲು ಹಣವಿಲ್ಲ. ಚೀನಾದ ಅಗ್ಗದ ನೂಲು ಬಂದಾಗಲೆಲ್ಲ ಈ ಸರಪಣಿ ನಡುಗುತ್ತಿತ್ತು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗೆ ಬಂದದ್ದು ಹಲವರಿಗೆ ನೆನಪಿರಬಹುದು. ಮೇಲಿನಿಂದ ಬಿದ್ದ ಭಾರ ಇಳಿಯುತ್ತ ಇಳಿಯುತ್ತ ಎಲ್ಲಕ್ಕಿಂತ ಕೆಳಗಿರುವ ಸಣ್ಣ ಕೈಯ ಮೇಲೆ ನಿಲ್ಲುತ್ತದೆ. ಒಬ್ಬ ಬಡವ ಇನ್ನೊಬ್ಬ ಬಡವನ ಮಗುವನ್ನು ಒತ್ತೆಯಿಟ್ಟುಕೊಳ್ಳುವ ವ್ಯವಸ್ಥೆ ಇದು. ಕಾರಣ ಗೊತ್ತಿದೆ ಎಂದಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಹಾಗಾದರೆ ಹಳ್ಳಿಯ ಹುಡುಗನದೂ ದುಡಿಮೆಯೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೌದು, ದುಡಿಮೆಯೇ. ಅಲ್ಲಿಯೂ ಎಲ್ಲವೂ ಚೆನ್ನಾಗಿತ್ತು ಎನ್ನುವಂತಿಲ್ಲ. ಆ ಮನೆಯ ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟು ಸೊಪ್ಪು ಬಿಡಿಸಲು ನಿಂತಳು. ಅವಳನ್ನು ಯಾರೂ ಬಾಲಕಾರ್ಮಿಕಳೆಂದು ಎಣಿಸಲಿಲ್ಲ. 2016ರಲ್ಲಿ ತಿದ್ದಿದ ಕಾನೂನು ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ಹೇಳಿ, ಶಾಲೆಯ ಸಮಯ ಕಳೆದ ಮೇಲೆ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಬಹುದು, ಅದು ಅಪಾಯದ ಕೆಲಸವಾಗಿರಬಾರದು ಎಂದು ಒಂದು ಕಿಂಡಿ ಬಿಟ್ಟಿದೆ. ‘ನೆರವು’ ಎಂಬ ಆ ಪದ ಎಲ್ಲಿ ಮುಗಿದು ‘ದುಡಿಮೆ’ ಎಲ್ಲಿ ಶುರುವಾಗುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆಯುವುದು ಕಷ್ಟ. ನಾನು ನೋಡಿದ ಇಬ್ಬರು ಹುಡುಗರ ನಡುವೆ ಮಾತ್ರ ಗೆರೆ ಸ್ಪಷ್ಟವಾಗಿತ್ತು. ಒಬ್ಬ ಕೈಯಲ್ಲಿದ್ದ ಹುಳುವನ್ನು ಕೆಳಗಿಟ್ಟು ನಾಡಿದ್ದು ಶಾಲೆಗೆ ಹೋಗಬಲ್ಲವನಾಗಿದ್ದ. ಇನ್ನೊಬ್ಬನಿಗೆ ಕೆಳಗಿಡುವ ಸ್ವಾತಂತ್ರ್ಯವಿರಲಿಲ್ಲ. ಬೇಡ ಎನ್ನಲು ಬಾರದ ಮಗು ಮಾಡುವುದನ್ನು ನೆರವು ಎಂದು ಕರೆಯುವುದು ನಮ್ಮ ಅನುಕೂಲಕ್ಕಾಗಿ ಅಷ್ಟೇ.

ಹುಳುವಿನ ಸಾವಿನ ಬಗ್ಗೆ ನಾನು ಒಮ್ಮೆ ದಾದಿಯನ್ನು ಕೇಳಿದ್ದೆ. ಜೇನ್ನೊಣ, ಇರುವೆ, ಜೇಡ ಇವುಗಳ ಹೆಸರಿನಲ್ಲಿ ಕುರ್‌ಆನ್‌ನಲ್ಲಿ ಅಧ್ಯಾಯಗಳಿವೆಯೆಂದು ಆಗತಾನೇ ಮಕ್ತಬ್‌ನಲ್ಲಿ ಕಲಿತಿದ್ದೆ. ಇಷ್ಟು ಸಣ್ಣ ಜೀವಗಳಿಗೆ ಅಷ್ಟು ದೊಡ್ಡ ಮರ್ಯಾದೆ ಇರುವಾಗ ನಾವು ದಿನವೂ ಸಾವಿರಾರು ಹುಳುಗಳನ್ನು ಬೇಯಿಸುತ್ತೇವಲ್ಲ ಎಂಬುದು ನನ್ನ ಪ್ರಶ್ನೆ. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಟ್ಟ ಜೀವದ್ದು ಏನೂ ಪೋಲಾಗಬಾರದು, ಅದೇ ಅದರ ಹಕ್ಕು ಎಂದಳು. ನಮ್ಮ ಊರಿನಲ್ಲಿ ಅದನ್ನು ಪಾಲಿಸಿದ್ದಾರೆ ಎಂದೇ ಹೇಳಬೇಕು. ಬೆಂದ ಹುಳುವಿನಿಂದ ಎಣ್ಣೆ ತೆಗೆಯುತ್ತಾರೆ. ಉಳಿದದ್ದು ಕೋಳಿಗೆ, ಮೀನಿಗೆ ಆಹಾರ. ಬಿಚ್ಚಲಾಗದ ಜಳ್ಳು ಗೂಡಿನಿಂದ ಒರಟು ನೂಲು. ಹುಳುವಿನ ಹಿಕ್ಕೆ, ತಿಂದು ಬಿಟ್ಟ ಕಡ್ಡಿ ಮತ್ತೆ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ. ಇಷ್ಟೆಲ್ಲ ಜತನವಾಗಿದ್ದ ಕಸುಬಿನಲ್ಲಿ ಪೋಲಾದದ್ದು ಕೆಲವು ಮಕ್ಕಳ ಓದು.

ಈಗ ಕಾಲ ಬದಲಾಗಿದೆ. ರಾಮನಗರದಲ್ಲಿ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬಂದಿವೆ. ಎಳೆಯ ತುದಿಯನ್ನು ಯಂತ್ರದ ಕುಂಚವೇ ಹುಡುಕುತ್ತದೆ. ಮಾರುಕಟ್ಟೆಯಲ್ಲಿ ಕೂಗಿನ ಹರಾಜು ಹೋಗಿ ಮೊಬೈಲಿನಲ್ಲಿ ಬೆಲೆ ಒತ್ತುವ ಹರಾಜು ನಡೆಯುತ್ತದೆ. ಹಳ್ಳಿಯಲ್ಲಿ ಎಳೆಯ ಹುಳುಗಳನ್ನು ಎರಡನೇ ಜ್ವರದವರೆಗೆ ಚಾಕಿ ಕೇಂದ್ರಗಳೇ ಸಾಕಿಕೊಡುತ್ತವೆ. ಎಲೆ ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕತ್ತರಿಸಿ ಹಾಕುವ ಪದ್ಧತಿ ಬಂದಿದೆ. ಹುಳುವಿಗೆ ಬೇರೆ ಮನೆ ಕಟ್ಟಿಸಿ ಎಷ್ಟೋ ಕುಟುಂಬಗಳು ನಡುಮನೆಯನ್ನು ವಾಪಸು ಪಡೆದಿವೆ. ಇವೆಲ್ಲ ಇಳುವರಿ ಹೆಚ್ಚಿಸಲು ಬಂದ ಬದಲಾವಣೆಗಳು. ಅವುಗಳ ಜೊತೆಗೆ, ಯಾರೂ ಲೆಕ್ಕವಿಡದ ಹಾಗೆ, ಮಕ್ಕಳಿಗೆ ಕೆಲವು ಸಂಜೆಗಳೂ ಸಿಕ್ಕಿವೆ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾನೂನು, ಮಧ್ಯಾಹ್ನದ ಬಿಸಿಯೂಟ, ಎರಡೂ ತಮ್ಮ ಪಾಲಿನ ಕೆಲಸ ಮಾಡಿವೆ. ಆದರೂ 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ನಮ್ಮ ಗಲ್ಲಿಯ ಗ್ಯಾರೇಜಿನಲ್ಲಿ, ಬೇಕರಿಯಲ್ಲಿ ಹೊಸ ಸಣ್ಣ ಮುಖಗಳು ಕಂಡವು. ಶಾಲೆ ತೆರೆದ ಮೇಲೆ ಅವರೆಲ್ಲ ಮರಳಲಿಲ್ಲ.

ಕನಕಪುರ ಕಡೆಯ ಆ ಹುಡುಗ ಡಿಪ್ಲೊಮಾ ಮಾಡಿ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಹೋದರೆ ಈಗಲೂ ಹುಳುವನ್ನು ಬೆಳಕಿಗೆ ಹಿಡಿದು ನೋಡುತ್ತಾನಂತೆ. ನನ್ನ ಸಹಪಾಠಿ ಆಟೋ ಓಡಿಸುತ್ತಾನೆ. ಮುಂಗಡ ಯಾವಾಗ ತೀರಿತು ಎಂದು ಕೇಳಿದರೆ, ತೀರಲಿಲ್ಲ, ಯಜಮಾನ ಶೆಡ್ ಮುಚ್ಚಿದ, ಲೆಕ್ಕ ಅಲ್ಲಿಗೆ ನಿಂತಿತು ಎನ್ನುತ್ತಾನೆ. ಪಡಿತರ ಅಂಗಡಿಯ ಯಂತ್ರ ಅವನ ಹೆಬ್ಬೆರಳನ್ನು ಎಷ್ಟೋ ಸಲ ಗುರುತಿಸುವುದಿಲ್ಲ. ಗೆರೆಗಳು ಸವೆದಿವೆ. ಆಗ ಅವನ ಮಗಳು ಮುಂದೆ ಬಂದು ತನ್ನ ಹೆಬ್ಬೆರಳು ಒತ್ತುತ್ತಾಳೆ. ಅವಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ, ಲೆಕ್ಕದಲ್ಲಿ ಅಪ್ಪನ ಹಾಗೆಯೇ ಜಾಣೆ.

ಶಾಲೆಗಳಲ್ಲಿ ನಾನು ಈ ಕತೆಯನ್ನು ಇದ್ದ ಹಾಗೆ ಹೇಳುತ್ತೇನೆ. ಊರನ್ನು ಉಳಿಸಿದ್ದು ಹುಳುವೋ ಹುಡುಗನೋ ಎಂದು ಕೆಲವು ಮಕ್ಕಳು ಕೇಳುತ್ತಾರೆ. ಚನ್ನಪಟ್ಟಣದ ಒಂದು ಶಾಲೆಯಲ್ಲಿ ಒಬ್ಬ ಪುಟ್ಟ ಹುಡುಗಿ ಮಾತ್ರ ಬೇರೆ ಪ್ರಶ್ನೆ ಕೇಳಿದಳು. “ಅವನಿಗೆ ಶಾಲೇಲಿ ಅವನ ಜಾಗ ಹಾಗೇ ಇಟ್ಟಿದ್ರಾ?” ಇಟ್ಟಿರಲಿಲ್ಲ ಎಂದೆ. ಅವಳು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಸ್ವಲ್ಪ ಜಾಗ ಬಿಟ್ಟಳು.